ಬಿಸ್ಮಿಲ್ಲಾ ಹೊತ್ತ ನೀರು, ಮಂತ್ರಿಗಳು ಕೊಟ್ಟ ಉತ್ತರ

ಶಹಾಬಜಾರದ ಓಣಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಬಿಸ್ಮಿಲ್ಲಾ ಆಗಲೇ ನಮಾಜು ಮುಗಿಸಿ, ಎರಡು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಕಟ್ಟಿಕೊಂಡು ಹೊಸ್ತಿಲು ದಾಟಿದ್ದಾರೆ. ಕಲಬುರಗಿಯಿಂದ ಕಮಲಾಪುರದ ಕಡೆ ಹೊರಡುವ ಮೊದಲ ಬಸ್ಸಿನಲ್ಲಿ ಅವರಿಗೊಂದು ಕಾಯಂ ಸೀಟು. ಕಂಡಕ್ಟರ್ ಅವರ ಆಧಾರ್ ಕಾರ್ಡು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಹೆಂಗಸರ ಶೂನ್ಯ ಟಿಕೆಟು ಹರಿದು ಕೈಗಿಟ್ಟು, "ಆರಾಮ ಏನ್ ಬೀ?" ಎಂದು ಕೇಳಿ ಮುಂದಿನ ಸೀಟಿಗೆ ಹೋಗುತ್ತಾರೆ.

ಕಮಲಾಪುರದ ಸಂತೆ ಮೈದಾನ ತಲುಪುವಾಗ ಬೆಳಕು ಹರಿಯುತ್ತಿರುತ್ತದೆ. ಉಳ್ಳಾಗಡ್ಡಿ ಸಿಪ್ಪೆ, ಬಾಡಿದ ಬಾಳೆ ಎಲೆ, ಹರಿದ ಗೋಣಿಚೀಲ ಎಲ್ಲ ಹಿಂದಿನ ಸಂತೆಯ ಗುರುತಿಗೆ ಬಿದ್ದಿರುತ್ತವೆ. ಬಿಸ್ಮಿಲ್ಲಾ ಕಸಬರಿಗೆ ಮುಟ್ಟುವ ಮೊದಲು ನೇರ ಮೈದಾನದ ಅಂಚಿಗೆ ಹೋಗುತ್ತಾರೆ. ಅಲ್ಲಿ ಆರು ಬಾಗಿಲಿನ, ನೀಲಿ ಬಣ್ಣದ ಹೆಂಗಸರ ಶೌಚಾಲಯವಿದೆ. ಬೀಗ ತೆಗೆದು, ಒಳಗಿನ ಮೊದಲ ನಳ ತಿರುಗಿಸುತ್ತಾರೆ. ನೀರು ಭರ್ರನೆ ಬೀಳುತ್ತದೆ. ಒಂದು ಗಳಿಗೆ ಅದನ್ನೇ ನೋಡುತ್ತ ನಿಲ್ಲುತ್ತಾರೆ. "ಅದ, ಅದ. ನೀರ ಅದ" ಎಂದು ತಮಗೆ ತಾವೇ ಹೇಳಿಕೊಂಡು ಕೆಲಸಕ್ಕೆ ಬಾಗುತ್ತಾರೆ.

ನಳ ತಿರುಗಿಸಿದರೆ ನೀರು ಬರುವುದರಲ್ಲಿ ಅಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ಇದೆ. ಈ ನೀರಿಗಾಗಿ ರಾಜ್ಯದ ಮೇಲ್ಮನೆಯಲ್ಲಿ ಪ್ರಶ್ನೆ ಎದ್ದಿದೆ, ಮಂತ್ರಿಗಳು ಎರಡು ಸಲ ಉತ್ತರ ಕೊಟ್ಟಿದ್ದಾರೆ, ಶಾಸಕರ ಸಮಿತಿಯೊಂದು ಕಾರುಗಳ ಸಾಲು ಕಟ್ಟಿಕೊಂಡು ಬಂದು ಹೋಗಿದೆ. ಇಷ್ಟೆಲ್ಲ ಆದಮೇಲೆ ನೀರೇನೋ ಬಂತು. ಆದರೆ ಅದನ್ನು ತಂದುಕೊಟ್ಟ ಹೆಂಗಸಿನ ಬಗ್ಗೆ ಸದನದ ಕಡತದಲ್ಲಿ ಉಳಿದದ್ದು ಎರಡೇ ಪದ: "ಸಿಬ್ಬಂದಿಯ ನಿರ್ಲಕ್ಷ್ಯ". ಹೆಸರು ಕೂಡ ಇಲ್ಲ. ಕಮಲಾಪುರದ ಸಂತೆಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಬಿಸ್ಮಿಲ್ಲಾ ಮತ್ತು ನಿರ್ಲಕ್ಷ್ಯ ಎಂಬ ಮಾತನ್ನು ಒಟ್ಟಿಗೆ ಹೇಳಿದರೆ ಜನ ನಕ್ಕುಬಿಡುತ್ತಾರೆ. ಬಿಸ್ಮಿಲ್ಲಾ ಮಾತ್ರ ನಗುವುದಿಲ್ಲ.

ಕಮಲಾಪುರ ಅವರ ತವರು. ತಾಯಿ ಉಮ್ಮೆ ಹಾನಿ ಇದೇ ಸಂತೆಯಲ್ಲಿ ಗಾಜಿನ ಬಳೆ ಮಾರುತ್ತಿದ್ದರು. ಸಂತೆ ದಿನ ಮುಂಜಾನೆಯಿಂದ ಹೊತ್ತು ಮುಳುಗುವ ತನಕ ತಾಯಿ ಹನಿ ನೀರು ಕುಡಿಯುತ್ತಿರಲಿಲ್ಲ. ಬಿಸಿಲಿಗೆ ತುಟಿ ಒಡೆದರೂ ಇಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಮೈದಾನದಾಚೆ ಜಾಲಿಗಂಟಿಯ ಪೊದೆ ಇತ್ತು, ಅದರಾಚೆ ಗಂಡಸರು ಬೀಡಿ ಸೇದುತ್ತ ಕೂಡುವ ಕಟ್ಟೆ ಇತ್ತು.

"ಅಮ್ಮೀ ಮನೀಗಿ ಬಂದು ಉರೀ ಉರೀ ಅಂತ ಅಳ್ತಿದ್ಲು. ನಾ ಸಣ್ಣಾಕಿ, ಏನಂತ ತಿಳೀತಿದ್ದಿಲ್ಲ. ಬಿಸಲಿಗಿ ಹಂಗ ಆಗ್ತದ ಅನ್ಕೊಂಡಿದ್ದೆ. ದೊಡ್ಡಾಕಿ ಆದ ಮ್ಯಾಲ ತಿಳೀತ್ರಿ" ಎನ್ನುತ್ತಾರೆ ಬಿಸ್ಮಿಲ್ಲಾ.

ಮದುವೆಯಾಗಿ ಶಹಾಬಜಾರಕ್ಕೆ ಬಂದರು. ಗಂಡ ಝಹೀರ್ ಗಾದಿ ತುಂಬುವ ಕೆಲಸದವರು. ಅರಳೆಯ ಧೂಳು ಅವರ ಎದೆ ಹಿಡಿದ ಮೇಲೆ ಬಿಸ್ಮಿಲ್ಲಾ ಗುತ್ತಿಗೆದಾರರೊಬ್ಬರ ಹತ್ತಿರ ಸ್ವಚ್ಛತೆಯ ಕೆಲಸಕ್ಕೆ ಸೇರಿದರು. ಎಲ್ಲಿ ಹೋಗುತ್ತೀ ಎಂದು ಕೇಳಿದಾಗ, ಊರೊಳಗಿನ ಕಚೇರಿ ಬಿಟ್ಟು ಕಮಲಾಪುರದ ಸಂತೆಯನ್ನೇ ಆರಿಸಿಕೊಂಡರು. ಅಲ್ಲಿ ಹೆಂಗಸರಿಗೆಂದು ಹೊಸ ಕಟ್ಟಡ ಎದ್ದಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ತಾಯಿ ಕೂಡುತ್ತಿದ್ದ ಜಾಗದಿಂದ ಅದು ಹತ್ತು ಮಾರು ದೂರದಲ್ಲಿತ್ತು.

ಕಟ್ಟಡ ಎದ್ದದ್ದು ಖರೆ. ಗೋಡೆಗೆ ಹೆಂಗಸಿನ ಚಿತ್ರ ಬರೆದಿದ್ದರು, ಉದ್ಘಾಟನೆಯ ಕಲ್ಲಿನ ಮೇಲೆ ಗಣ್ಯರ ಹೆಸರುಗಳು ಜಾಗ ಸಾಲದಷ್ಟು ತುಂಬಿದ್ದವು. ಒಳಗೆ ನಳ ಇದ್ದವು, ಮೇಲೆ ನೀರಿನ ಕಪ್ಪು ಟಾಕಿ ಕೂಡ ಇತ್ತು. ನೀರೊಂದು ಇರಲಿಲ್ಲ. ಕೊಳವೆ ಹಿಂದಿನ ಗೋಡೆಯ ತನಕ ಬಂದು ಅಲ್ಲೇ ನಿಂತಿತ್ತು, ಬಿಲ್ಲು ಮಾತ್ರ ಟಾಕಿಯ ತನಕ ಹತ್ತಿ ಪಾಸಾಗಿತ್ತು. ಕೆಲಸ ಪೂರ್ಣಗೊಂಡಿದೆ ಎಂದು ಒಬ್ಬರು ಬರೆದರು, ಇನ್ನೊಬ್ಬರು ಸಹಿ ಹಾಕಿದರು, ಮತ್ತೊಬ್ಬರು ಮುದ್ರೆ ಒತ್ತಿದರು. ಈ ಮೂವರಲ್ಲಿ ಒಬ್ಬರಾದರೂ ಒಂದು ನಳ ತಿರುಗಿಸಿ ನೋಡಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಬಿಸ್ಮಿಲ್ಲಾ ನೀರಿಲ್ಲವೆಂದು ಕೈಕಟ್ಟಿ ಕೂಡಲಿಲ್ಲ. ರಸ್ತೆಯಾಚೆ ಗುರುಲಿಂಗಪ್ಪನವರ ಖಾನಾವಳಿ ಇದೆ, ಅದರ ಹಿತ್ತಲಲ್ಲಿ ಬೋರು ಇದೆ. ಸಂತೆ ದಿನ ಅಲ್ಲಿಂದ ಕ್ಯಾನು ತುಂಬಿ, ಒಂದು ಕೈಗೆ ಒಂದರಂತೆ ಹಿಡಿದು, ಲಾರಿ ಬಸ್ಸುಗಳ ನಡುವೆ ರಸ್ತೆ ದಾಟಿ ತರುತ್ತಿದ್ದರು. ಆರು ಬಾಗಿಲಿಗೆ ಆರು ಬಕೀಟು. ತುಂಬಿದ್ದು ಖಾಲಿಯಾದಂತೆ ಮತ್ತೆ ರಸ್ತೆ ದಾಟುವುದು. ಹೊತ್ತು ಏರಿ ರಟ್ಟೆ ಸೋತು ಹೋದಾಗ ವಿಧಿಯಿಲ್ಲದೆ ಬೀಗ ಹಾಕುತ್ತಿದ್ದರು. ಮಧ್ಯಾಹ್ನದ ಮೇಲೆ ಬಂದ ಹೆಂಗಸರಿಗೆ ಮತ್ತೆ ಅದೇ ಜಾಲಿಗಂಟಿ.

"ಅರ್ಧಾ ದಿನನಾದ್ರೂ ಸಿಗ್ತದಲ್ಲ ಅನ್ನೂ ಸಮಾಧಾನ ಇತ್ರಿ. ನೀರಿಲ್ದ ಬಾಗ್ಲಾ ತೆರಿಯಾಕ ನನಗ ಮನಸ ಬರ್ತಿದ್ದಿಲ್ಲ. ಹೊಲಸ ಇಡೂದು ನನ್ನ ಕೈಲಿ ಆಗಂಗಿಲ್ಲ. ನಮ್ಮ ಮನ್ಯಾಗ ಮೊದಲಿಂದ ಪಾಕೀ ಅಂದ್ರ ಪಾಕೀ" ಎನ್ನುತ್ತಾರೆ. ಶುಚಿಯ ವಿಷಯದಲ್ಲಿ ಅವರು ಅಷ್ಟು ಹಠದವರು. ತೊಳೆದ ಮೇಲೆ ತಾವೇ ಬಗ್ಗಿ ವಾಸನೆ ನೋಡುತ್ತಾರೆ, ಸಮಾಧಾನವಾಗದಿದ್ದರೆ ಮತ್ತೊಮ್ಮೆ ತಿಕ್ಕುತ್ತಾರೆ.

ಅರ್ಧ ದಿನದ ಸಮಾಧಾನ ಎಲ್ಲರಿಗೂ ಸಾಕಾಗಲಿಲ್ಲ. ಕೆಂಪು ಬಾಳೆಹಣ್ಣು ಮಾರುವ ಮಲ್ಲಿಕಾ ಅಂಥವರಲ್ಲಿ ಒಬ್ಬರು. ಪಿಯುಸಿ ತನಕ ಓದಿದವರು, ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. ವಿಧಾನ ಪರಿಷತ್ತಿನ ಸದಸ್ಯೆ ಅಂಜನಾ ಒಮ್ಮೆ ಈ ದಾರಿಯಲ್ಲಿ ಹೋಗುವಾಗ ಬಾಳೆಹಣ್ಣಿಗೆಂದು ಕಾರು ನಿಲ್ಲಿಸಿದರು. ಮಲ್ಲಿಕಾ ಹಣ್ಣು ತೂಗುವ ಮೊದಲೇ, "ಮೇಡಂ, ಒಂದು ಸಲ ನಮ್ಮ ಪಾಯಿಖಾನಿ ನೋಡಿ ಹೋಗ್ರಿ. ಆಮ್ಯಾಲ ಹಣ್ಣ ಕೊಡ್ತೀನಿ" ಎಂದರು. ಬೀಗ ಹಾಕಿದ ಹೊತ್ತು ಅದು. ಅಂಜನಾ ನೋಡಿದರು, ಬರೆದುಕೊಂಡರು, ಬೆಳಗಾವಿ ಅಧಿವೇಶನದಲ್ಲಿ ಪ್ರಶ್ನೆ ಹಾಕಿದರು.

ಸದನದಲ್ಲಿ ಕೇಳಿದ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಹುಟ್ಟುವುದಿಲ್ಲ. ಅದು ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಅಲ್ಲಿಂದ ಇನ್ನೂ ಕೆಳಗಿನ ಕಚೇರಿಗೆ ಉರುಳಿ ಬರುತ್ತದೆ. ಅಧಿವೇಶನದ ದಿನಗಳಲ್ಲಿ ಕಲಬುರಗಿಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಕೇಳುವ ಮಾತು ಒಂದೇ: "ಪ್ರಶ್ನೆ ಬಂದದ, ಆಮ್ಯಾಲ ಬರ್ರಿ." ಈ ಪ್ರಶ್ನೆಯೂ ಹಾಗೆ ಉರುಳಿ ಬಂದು ಕಟ್ಟಡ ಕಟ್ಟಿಸಿದ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಬಿತ್ತು. ತಪ್ಪು ಮಾಡಿದವರನ್ನೇ ಕರೆದು ತಪ್ಪಾಗಿದೆಯೇ ಎಂದು ಕೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸಾಹೇಬರು ಗುತ್ತಿಗೆದಾರರಿಗೆ ಫೋನ್ ಮಾಡಿದರು, ಗುತ್ತಿಗೆದಾರರು ಬಿಸ್ಮಿಲ್ಲಾಗೆ ಮಾಡಿದರು: ನಾಳೆ ಮುಂಜಾನೆ ಫೋಟೊ ತೆಗೆಯಲು ಬರುತ್ತಾರೆ, ಮಂತ್ರಿಗಳೇ ನೋಡುವ ಫೋಟೊ.

ಇನ್ನು ನಡೆದದ್ದನ್ನು ಬಿಸ್ಮಿಲ್ಲಾ ಬಾಯಲ್ಲೇ ಕೇಳಬೇಕು. "ಮನೀಗಿ ಬೀಗರ ಬರ್ತಾರಂದ್ರ ಮನಿ ಹೊಲಸ ಇಡ್ತೇವೇನ್ರಿ? ನಾ ಸುದ್ದಾ ಹಂಗೇ ಮಾಡಿದೆ. ಎರಡೆರಡ ಸಲ ತಿಕ್ಕಿದೆ. ಆರೂ ಬಕೀಟ ತುಂಬಿ ನಳದ ಬುಡಕ ಇಟ್ಟೆ. ಬಂದವ್ರಿಗಿ ಕೈ ತೊಳ್ಯಾಕ ನೀರ ಬೇಕಲ್ರಿ? ಬಾಗಲದಾಗ ಒಂದೀಟು ರಂಗೋಲಿ ಹಾಕಂತ ಖಾನಾವಳಿ ಅಕ್ಕಗ ಹೇಳಿದ್ದೆ, ಆಕೀನೂ ಹಾಕಿ ಹೋದ್ಲು."

ಫೋಟೊದವರು ಬಂದರು. ಥಳಥಳ ಹೊಳೆಯುವ ನೆಲ, ನಳದ ಕೆಳಗೆ ತುಳುಕುವ ಬಕೀಟು. ಅವರಿಗೆ ಇನ್ನೇನು ಬೇಕು? ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಬಿಸ್ಮಿಲ್ಲಾಗೆ, "ಬಾಜೂ ಸರೀ ಅಮ್ಮಾ, ನಿನ್ನ ನೆರಳ ಬೀಳ್ತದ" ಎಂದರು. ಬಿಸ್ಮಿಲ್ಲಾ ಸರಿದು ಗೋಡೆಗೆ ಆತು ನಿಂತರು. ನಳ ತಿರುಗಿಸಿ ತೋರಿಸು ಎಂದು ಫೋಟೊದವರು ಕೇಳಲಿಲ್ಲ, ನೀರು ಎಲ್ಲಿಯದು ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎನ್ನುತ್ತಾರೆ ಬಿಸ್ಮಿಲ್ಲಾ.

ಸದನದಲ್ಲಿ ಮಂತ್ರಿಗಳು ಓದಿದ ಉತ್ತರ ಹೀಗಿತ್ತು. ಶೌಚಾಲಯಕ್ಕೆ ನೀರಿನ ಸಂಪರ್ಕ ಇಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? "ಬಂದಿರುವುದಿಲ್ಲ. ಶೌಚಾಲಯವು ಸುಸ್ಥಿತಿಯಲ್ಲಿದ್ದು ಸಾರ್ವಜನಿಕ ಬಳಕೆಯಲ್ಲಿರುತ್ತದೆ. ಛಾಯಾಚಿತ್ರ ಲಗತ್ತಿಸಿದೆ." ಖರ್ಚಾದ ಹಣವೆಷ್ಟು? "ಅನುಬಂಧದಲ್ಲಿ ನೀಡಲಾಗಿದೆ." ಹಾಗಾದರೆ ನೀರು ಯಾವಾಗ ಕೊಡುತ್ತೀರಿ? "ಉದ್ಭವಿಸುವುದಿಲ್ಲ."

ಉದ್ಭವಿಸುವುದಿಲ್ಲವಂತೆ! ಸಂತೆಯ ಹೆಂಗಸರೆಲ್ಲ ಬೆಳಗಿನಿಂದ ಬಾಯಿ ಒಣಗಿಸಿಕೊಂಡು ಕೂಡುವುದು, ಮನೆಗೆ ಹೋಗಿ ಉರಿಯಿಂದ ನರಳುವುದು, ಜಾಲಿಗಂಟಿಯ ಮರೆಯಲ್ಲಿ ಒಬ್ಬರಿಗೊಬ್ಬರು ಸೀರೆ ಹಿಡಿದು ಕಾವಲು ನಿಲ್ಲುವುದು, ಇದ್ಯಾವುದೂ ಉದ್ಭವಿಸುವುದಿಲ್ಲ. ಅಂಜನಾ ಬಿಡದೆ ಎದ್ದು ನಿಂತು, "ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ, ನೀರಿಲ್ಲ" ಎಂದರು. ಮಂತ್ರಿಗಳು ಫೋಟೊ ಎತ್ತಿ ಹಿಡಿದು, "ಮಾನ್ಯ ಸದಸ್ಯರು ಸರಿಯಾಗಿ ನೋಡಲಿ, ನಮ್ಮ ಮನೆಗಳೂ ಇಷ್ಟು ಸ್ವಚ್ಛವಾಗಿರುವುದಿಲ್ಲ" ಎಂದರು. ಸದನ ನಕ್ಕಿತು. ಬೇಕಿದ್ದರೆ ಸಮಿತಿಯನ್ನೇ ಕಳಿಸಿ ಪರಿಶೀಲಿಸಲಿ, ನಮ್ಮದೇನೂ ಅಭ್ಯಂತರವಿಲ್ಲ ಎಂದು ಆ ನಗೆಯ ಹುರುಪಿನಲ್ಲೇ ಮಾತು ಕೊಟ್ಟರು.

ಆ ಮಾತಿನ ವಿಡಿಯೊ ತುಣುಕು ಮೊಬೈಲಿನಲ್ಲಿ ಶಹಾಬಜಾರಕ್ಕೂ ಬಂತು. ಮಗಳು ಸಬಾ ಅದನ್ನು ನೋಡಿ ಕುಣಿದಾಡಿದಳು. "ಅಮ್ಮೀ, ಮಂತ್ರಿ ತುಮಾರೇ ಕಾಮ್ ಕು ವಾಹ್ ಬೋಲ್ರಾ!" ಎಂದು ಓಣಿಗೆಲ್ಲ ತೋರಿಸಿದಳು. ಝಹೀರ್ ಕೆಮ್ಮಿನ ನಡುವೆಯೇ ನಕ್ಕರು. ಮನೆಯಲ್ಲಿ ಅಂದು ಶಾವಿಗೆ ಖೀರು ಮಾಡಿದ್ದರಂತೆ. ಮಂತ್ರಿಗಳು ಹೊಗಳಿದ್ದು ತಮ್ಮ ಕೆಲಸವನ್ನು ಎಂದೇ ಬಿಸ್ಮಿಲ್ಲಾ ತಿಳಿದುಕೊಂಡಿದ್ದರು. ಅದನ್ನು ಈಗ ಹೇಳುವಾಗಲೂ ಅವರು ಮುಖ ತಿರುಗಿಸುತ್ತಾರೆ.

ಮುಂದಿನ ಸಂತೆಯಲ್ಲಿ ಮಲ್ಲಿಕಾ ಬಿಸ್ಮಿಲ್ಲಾರ ಕಣ್ಣು ತೆರೆಸಿದರು. ಉತ್ತರದ ಪ್ರತಿ ಅಂಜನಾ ಕಡೆಯಿಂದ ಮಲ್ಲಿಕಾರ ಫೋನಿಗೆ ಬಂದಿತ್ತು. ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಫೋಟೊವನ್ನು ಬಿಸ್ಮಿಲ್ಲಾ ಮುಖಕ್ಕೆ ಹಿಡಿದರು.

"ನೀ ತುಂಬಿಟ್ಟ ಬಕೀಟ ತೋರ್ಸಿ ಮಂತ್ರಿ ನಮ್ಮ ಬಾಯಿ ಮುಚ್ಚಿಸ್ಯಾನ, ಆಪಾ. ಯಾರ ಬಾಜೂ ಇದ್ದೀ ನೀ? ನಮ್ಮ ಬಾಜೂನೋ, ಸರ್ಕಾರದ ಬಾಜೂನೋ?"

"ನಾ ನೀರ ನಿಮಗಂತೇ ಹೊತ್ತೀನಲ್ಲ, ಮಲ್ಲೀ" ಎಂದರು ಬಿಸ್ಮಿಲ್ಲಾ.

"ಹೊತ್ತೀ. ಅದಕ್ಕ ಅವರು ಹೊರೂದು ಬಿಟ್ಟಾರ."

ಬಿಸ್ಮಿಲ್ಲಾ ಖಾಲಿ ಕ್ಯಾನು ಎತ್ತಿಕೊಂಡು ರಸ್ತೆ ದಾಟಿದರು. ಅಂದಿನಿಂದ ಸಂತೆಯ ಹೆಂಗಸರು ಅವರೊಡನೆ ಮಾತು ಬಿಟ್ಟರು. ಬಾಗಿಲು ತೆರೆದರೆ ಬರುತ್ತಿದ್ದರು, ಕೆಲಸ ಮುಗಿಸಿ ಮುಖ ನೋಡದೆ ಹೋಗುತ್ತಿದ್ದರು. ನಡುನಡುವೆ ಗುರುಲಿಂಗಪ್ಪನವರೊಬ್ಬರು, "ಊಟಾ ಆತೇನವ್ವಾ?" ಎಂದು ಕೇಳುವುದಿತ್ತು, ಅಷ್ಟೇ. ತಾಯಿಯ ಕಾಲದಿಂದ ತಮ್ಮದೆಂದುಕೊಂಡಿದ್ದ ಮೈದಾನದಲ್ಲಿ ಬಿಸ್ಮಿಲ್ಲಾ ಒಬ್ಬರೇ ಕೂತು ರೊಟ್ಟಿ ತಿನ್ನಬೇಕಾಯಿತು.

ಮಾತಿಗೆ ಸಿಕ್ಕಿಬಿದ್ದ ಮೇಲೆ ಸಮಿತಿ ಬರಲೇಬೇಕಾಯಿತು. ಮಂತ್ರಿಗಳು ಸದನದಲ್ಲಿ ಹೇಳಿದ್ದು ನೆಲದ ಮೇಲೆ ಇದೆಯೋ ಇಲ್ಲವೋ ಎಂದು ನೋಡುವ ಶಾಸಕರ ಸಮಿತಿ. ಅಂಜನಾ ಅದರಲ್ಲಿ ಒಬ್ಬರು. ಬರುವ ದಿನ ಸಂತೆ ದಿನವೇ ಆಗಿತ್ತು. ಕೊಳವೆ ಜೋಡಿಸಲು ಸಾಕಷ್ಟು ದಿನ ಕೈಯಲ್ಲಿದ್ದವು. ಒಬ್ಬ ಪ್ಲಂಬರ್ ಒಂದು ದಿನದಲ್ಲಿ ಮುಗಿಸುವ ಕೆಲಸ ಅದು. ಆದರೆ ಜೋಡಿಸಿದರೆ ಇಷ್ಟು ದಿನ ಜೋಡಿಸಿರಲಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ! ಆದ್ದರಿಂದ ಸಾಹೇಬರು ಪ್ಲಂಬರನ್ನು ಕರೆಯಲಿಲ್ಲ, ಬಿಸ್ಮಿಲ್ಲಾರನ್ನು ಕರೆದರು. "ಹೋದ ಸಲದಂಗ ಚಕಾಚಕ್ ಇರ್ಬೇಕು ನೋಡಮ್ಮಾ. ಬಕೀಟ ಮರೀಬ್ಯಾಡ. ಸ್ವಲ್ಪ ಹೆಚ್ಚುಕಮ್ಮಿ ಆದ್ರ ನಿನ್ನ ನೌಕರಿ ಇರಂಗಿಲ್ಲ."

ಬಿಸ್ಮಿಲ್ಲಾ "ಹ್ಞೂಂರಿ" ಎಂದು ಬಂದರು. ಮನೆಯಲ್ಲಿ ಝಹೀರ್‌ಗೆ ಮಾತ್ರ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಝಹೀರ್, "ನೌಕರಿ ಹೋದ್ರ ಇನ್ನೊಂದು ಸಿಗ್ತದ. ಆದ್ರ ನೀ ಹೊಲಸ ನೋಡಿ ಸುಮ್ನ ಹ್ಯಾಂಗ ನಿಂದ್ರತೀ?" ಎಂದು ಕೇಳಿದರಂತೆ. ಹೆಂಡತಿಯನ್ನು ಬಲ್ಲ ಗಂಡ. ಅವರ ಪ್ರಶ್ನೆಯ ಮುಂದೆ ಸದನದ ಯಾವ ಪ್ರಶ್ನೆಯೂ ನಿಲ್ಲುವುದಿಲ್ಲ.

ಅಂದು ಮುಂಜಾನೆ ಗುರುಲಿಂಗಪ್ಪ ಎಂದಿನಂತೆ ಕ್ಯಾನು ತೊಳೆದು ಬೋರಿನ ಬಳಿ ಇಟ್ಟಿದ್ದರು. ಬಿಸ್ಮಿಲ್ಲಾ ರಸ್ತೆ ದಾಟಿ ಬಂದು, "ಇವತ್ತ ನೀರ ಬ್ಯಾಡ್ರಿ ಅಪ್ಪಾರ" ಎಂದರು.

"ಯಾಕವ್ವಾ? ಇವತ್ತ ಸಮಿತಿ ಬರ್ತದಂತಲ್ಲ?"

"ಅದಕ್ಕೇ ಬ್ಯಾಡ್ರಿ."

ಹಿಂದಿರುಗಿ ಆರೂ ಬಾಗಿಲು ತೆರೆದರು. ಬಕೀಟುಗಳನ್ನು ಬೋರಲು ಹಾಕಿ ಮೂಲೆಗಿಟ್ಟರು. ನೇರ ಮಲ್ಲಿಕಾರ ಬಾಳೆಹಣ್ಣಿನ ಬುಟ್ಟಿಯ ಮುಂದೆ ಹೋಗಿ ನಿಂತು, "ಎಲ್ಲಾರಿಗೂ ಹೇಳು, ಇವತ್ತ ದಿನಾಪೂರಾ ತೆರದಿರ್ತದ" ಎಂದರು.

"ನೀರು?" ಎಂದು ಮಲ್ಲಿಕಾ ತಲೆ ಎತ್ತದೆ ಕೇಳಿದರು.

"ಇಲ್ಲ. ಇವತ್ತ ನಾ ಹೊರಂಗಿಲ್ಲ."

ಮಲ್ಲಿಕಾ ಆಗ ತಲೆ ಎತ್ತಿದರು. ಎಷ್ಟೋ ವಾರಗಳ ಮೇಲೆ ಇಬ್ಬರೂ ಮುಖ ನೋಡಿಕೊಂಡದ್ದು ಅದೇ ಮೊದಲು. ಬುಟ್ಟಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಮಲ್ಲಿಕಾ ಸಂತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದರು. ಆಮೇಲೆ ಹೆಂಗಸರು ಬಂದರು, ಬರುತ್ತಲೇ ಇದ್ದರು. ನೀರಿಲ್ಲದ ಶೌಚಾಲಯ ಸಂತೆ ದಿನ ಏನಾಗುತ್ತದೋ ಅದು ಹಾಗೆಯೇ ಆಯಿತು. ಬಿಸ್ಮಿಲ್ಲಾ ಬಾಗಿಲ ಹೊರಗೆ ಕಸಬರಿಗೆ ನೆಲಕ್ಕಿಟ್ಟು ಕೂತರು.

ಸಮಿತಿಗಿಂತ ಸ್ವಲ್ಪ ಮೊದಲು ಬಂದ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ಹೊರಗೋಡಿ ಬಂದರು. ಅವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ತೊಳಿ, ಈಗಲೇ ತೊಳಿ ಎಂದು ಕೂಗಾಡಿದರು. ಬಿಸ್ಮಿಲ್ಲಾ ಎದ್ದು ನಿಂತು ಹೇಳಿದ್ದು ಇಷ್ಟು: "ನಳದಾಗ ನೀರ ಬಿಡ್ರಿ ಸಾಹೇಬ್ರ. ಈಗಿಂದೀಗ ತೊಳೀತೀನಿ."

ಸಾಹೇಬರು ಟ್ಯಾಂಕರಿಗೆ ಫೋನು ಹಚ್ಚಿದರು. ಟ್ಯಾಂಕರಿಗಿಂತ ಮೊದಲು ಸಮಿತಿಯ ಕಾರುಗಳು ಬಂದವು. ಕೆಲವು ಸದಸ್ಯರು ವಾಸನೆಗೆ ಹೊರಗೇ ನಿಂತರು. ಅಂಜನಾ ಸೀರೆ ಎತ್ತಿ ಹಿಡಿದು ಒಳಗೆ ಹೋಗಿ ಒಂದೊಂದೇ ನಳ ತಿರುಗಿಸಿದರು. ನಳ ಕಿರ್ ಎಂದವು, ಹನಿ ಬೀಳಲಿಲ್ಲ. ಹೊರಗೆ ಬಂದು ಅದೇ ಫೋಟೊ ತೋರಿಸಿ, "ಈ ಬಕೀಟಿನ ನೀರು ಎಲ್ಲಿಂದ ಬಂದದ್ದು?" ಎಂದು ಅಧಿಕಾರಿಗಳನ್ನು ಕೇಳಿದರು. ಗುಂಪಿನ ಹಿಂದಿನಿಂದ ಗುರುಲಿಂಗಪ್ಪ, "ನಮ್ಮ ಬೋರಿಂದ್ರಿ. ಆ ಹೆಣ್ಮಗಳು ಹೊತ್ತಾಳ" ಎಂದರು.

ಆಗ ಬಿಸ್ಮಿಲ್ಲಾ ಎಲ್ಲಿದ್ದರು? ಗೋಡೆಗೆ ಮುಖ ಮಾಡಿ, ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದರು. "ಯಾರಿಗೂ ಹೆದರಿ ಅಲ್ರಿ. ಆ ವಾಸನಿ ನಂದು ಅನ್ಸ್ತು. ಇಷ್ಟ ವರ್ಷದಾಗ ನನ್ನ ಕೆಲಸಕ್ಕ ಮಂದಿ ಮೂಗ ಮುಚ್ಚಿದ್ದಿಲ್ಲ. ಅವತ್ತ ಎಲ್ಲಾರೂ ಮುಚ್ಚಿದ್ರು. ನಾನೇ ಬೇಕಂತ ಮಾಡಿದ್ದು, ಆದ್ರೂ ಸಂಕಟ ಆತು" ಎನ್ನುತ್ತಾರೆ. ಸಮಿತಿ ಹೋದ ಮೇಲೆ ಗುರುಲಿಂಗಪ್ಪನವರ ಬೋರಿನಿಂದ ಅವರೇ ನೀರು ತಂದರು. ಈ ಸಲ ಮಲ್ಲಿಕಾ ಇನ್ನೊಂದು ಜೋಡಿ ಕ್ಯಾನು ಹಿಡಿದಿದ್ದರು. ಇಬ್ಬರೂ ಸೇರಿ ಹೊತ್ತು ಮುಳುಗುವುದರೊಳಗೆ ಆರೂ ಬಾಗಿಲು ತೊಳೆದರು.

ಕೆಲವೇ ದಿನಗಳಲ್ಲಿ ಗೋಡೆಯ ಹಿಂದೆ ನಿಂತಿದ್ದ ಕೊಳವೆ ಮೇಲಕ್ಕೆ ಹತ್ತಿ ಟಾಕಿಗೆ ಸೇರಿತು. ನಳದಲ್ಲಿ ನೀರು ಬಂತು. ಇಲ್ಲಿಗೆ ಕಥೆ ಮುಗಿದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಸರ್ಕಾರಕ್ಕೆ ಇನ್ನೊಂದು ಉತ್ತರ ಕೊಡುವುದು ಬಾಕಿ ಇತ್ತು.

ಮುಂದಿನ ಅಧಿವೇಶನದಲ್ಲಿ ಸಮಿತಿ ಕಂಡದ್ದರ ಬಗ್ಗೆ ಅಂಜನಾ ಮತ್ತೆ ಕೇಳಿದರು. ಲಿಖಿತ ಉತ್ತರ ಬಂತು: "ಪರಿಶೀಲನೆಯ ದಿನ ಸ್ವಚ್ಛತಾ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಶೌಚಾಲಯವು ಅಶುಚಿಯಾಗಿದ್ದು, ಸಂಬಂಧಿಸಿದ ಸಿಬ್ಬಂದಿಗೆ ನೋಟಿಸ್ ನೀಡಿ ಎಚ್ಚರಿಸಲಾಗಿದೆ. ನೀರು ಸರಬರಾಜು ಎಂದಿನಂತೆ ಕಾರ್ಯನಿರ್ವಹಿಸುತ್ತಿದೆ." ಎಂದಿನಂತೆ! ಓದಿದರೆ ಮೈ ಉರಿಯುತ್ತದೆ. ಯಾವ ದಿನದಂತೆ, ಸ್ವಾಮಿ? ಬಿಸ್ಮಿಲ್ಲಾ ರಸ್ತೆ ದಾಟಿ ಕ್ಯಾನು ಹೊರುತ್ತಿದ್ದ ದಿನದಂತೆಯೇ? ಬಿಲ್ಲು ಬರೆದವರು, ಸಹಿ ಹಾಕಿದವರು, ಮುದ್ರೆ ಒತ್ತಿದವರು ಎಲ್ಲರೂ 'ಎಂದಿನಂತೆ' ಎಂಬ ಆ ಒಂದು ಪದದ ಹಿಂದೆ ಅಡಗಿ ಪಾರಾದರು. ಸಾಹೇಬರಿಗೆ ಬಡ್ತಿಯೂ ಆಯಿತು. ಶಿಕ್ಷೆ ಎಂಬುದೊಂದು ಯಾರಿಗಾದರೂ ಬಿದ್ದಿದ್ದರೆ ಅದು ಕಸಬರಿಗೆ ಹಿಡಿದವರಿಗೆ.

ಸದನ ಇದನ್ನು ಪ್ರಶ್ನಿಸಬೇಕಿತ್ತು, ಪ್ರಶ್ನಿಸಲಿಲ್ಲ. ಅಂದು ಬೇರೊಂದು ವಿಷಯಕ್ಕೆ ಎರಡೂ ಕಡೆಯವರು ಬಾವಿಗಿಳಿದು ಗದ್ದಲ ಮಾಡಿದರು. ಪ್ರಶ್ನೋತ್ತರ ವೇಳೆ ಅದರಲ್ಲೇ ತೇಲಿಹೋಯಿತು. ಉತ್ತರಗಳನ್ನು ಮಂಡಿಸಲಾಗಿದೆ ಎಂದು ಘೋಷಿಸಿ ಕಲಾಪ ಮುಂದೂಡಿದರು. "ನಾನು ಎದ್ದು ನಿಂತಿದ್ದೆ, ಮೈಕು ಬಂದ್ ಆಗಿತ್ತು" ಎನ್ನುತ್ತಾರೆ ಅಂಜನಾ. ಅವರಿಗೂ ಬೇಸರವಿದೆ. ಆದರೆ ಅವರ ಬೇಸರಕ್ಕೆ ಇನ್ನೊಂದು ಅಧಿವೇಶನ ಬರುತ್ತದೆ, ಬಿಸ್ಮಿಲ್ಲಾಗೆ ಯಾವ ಅಧಿವೇಶನವಿದೆ?

ಗುತ್ತಿಗೆದಾರರು ಅವರನ್ನು ತೆಗೆಯುವುದಾಗಿ ಹೇಳಿದ್ದು ನಿಜ. ಆದರೆ ಕಲಬುರಗಿಯಿಂದ ಮೊದಲ ಬಸ್ಸು ಹಿಡಿದು ಬರುವ ಇನ್ನೊಬ್ಬರು ಅವರಿಗೆ ಸಿಗಲಿಲ್ಲ. ಹಾಗಾಗಿ ನಿರ್ಲಕ್ಷ್ಯದ ಸಿಬ್ಬಂದಿ ಇವತ್ತಿಗೂ ಸೂರ್ಯನಿಗಿಂತ ಮೊದಲು ಕೆಲಸಕ್ಕೆ ಬರುತ್ತಿದ್ದಾರೆ. ಸಂತೆ ದಿನ ಮಲ್ಲಿಕಾ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಶೌಚಾಲಯದ ಬಾಗಿಲ ಮೊಳೆಗೆ ತೂಗುಹಾಕಿ ಹೋಗುತ್ತಾರೆ. ಈಗ ತಮ್ಮ ಬುಟ್ಟಿಯ ಪಕ್ಕದಲ್ಲೊಂದು ನೀರಿನ ಬಾಟಲಿಯನ್ನೂ ಇಟ್ಟುಕೊಳ್ಳುತ್ತಾರೆ. ಬಿಸಿಲೇರಿದಂತೆ ಗಟಗಟ ಕುಡಿಯುತ್ತಾರೆ.

"ನೋಟಿಸ್ ಕೊಟ್ರಂತ ನನಗ ದುಃಖ ಇಲ್ರಿ. ನೀರ ಬಂತಲ್ಲ. ನಮ್ಮ ಅಮ್ಮೀ ಇದ್ದಿದ್ರ ಇವತ್ತ ಸಂತ್ಯಾಗ ನೀರ ಕುಡೀತಿದ್ಲು" ಎನ್ನುತ್ತಾರೆ ಬಿಸ್ಮಿಲ್ಲಾ, ನೆಲ ತಿಕ್ಕುವುದನ್ನು ನಿಲ್ಲಿಸದೆ. ತಿಕ್ಕಿದ ಜಾಗಕ್ಕೆ ನೀರು ಸುರಿದು ಮತ್ತೆ ಹೇಳುತ್ತಾರೆ: "ಆದ್ರ ಅಷ್ಟ ದೊಡ್ಡ ಸಭಾದಾಗ ನಾ ಹೊಲಸ ಇಡಾಕಿ ಅಂತ ಬರದಾರ. ಅದೊಂದು ಮಾತ ಅಳಸ್ಲಿ. ಹೆಸರ ಬರೀರಿ ಅನ್ನಂಗಿಲ್ಲ ನಾ. ಹೊಗಳ್ರಿ ಅನ್ನಂಗಿಲ್ಲ. ಅದೊಂದು ಅಳಿಸಿದ್ರ ಸಾಕು."

ಬಿಸಿಲು ಏರುವ ಮೊದಲು ಈ ಪತ್ರಿಕೆಯ ಛಾಯಾಗ್ರಾಹಕರು ಫೋಟೊಗೆಂದು ಕ್ಯಾಮೆರಾ ತೆಗೆಯುತ್ತಾರೆ. ಬೆಳಕು ಒಳಗೆ ಬೀಳಲೆಂದು, ಬಾಗಿಲು ಬಿಟ್ಟು ಒಂದು ಹೆಜ್ಜೆ ಆಚೆ ನಿಲ್ಲುವಿರಾ ಎಂದು ವಿನಯದಿಂದಲೇ ಕೇಳುತ್ತಾರೆ. ಬಿಸ್ಮಿಲ್ಲಾ ಕೈ ಒರೆಸಿಕೊಳ್ಳುತ್ತಾರೆ. ಒಳಗೆ ಹೋಗಿ ಬಕೀಟನ್ನು ಎತ್ತಿ ಹೊರಗಿಡುತ್ತಾರೆ, ನಳವನ್ನು ಪೂರ್ತಿ ತಿರುಗಿಸಿ ನೀರು ಬೀಳಲು ಬಿಡುತ್ತಾರೆ. ಕಸಬರಿಗೆ ಹಿಡಿದು ಬಾಗಿಲ ನಟ್ಟನಡುವೆ ಬಂದು ನಿಲ್ಲುತ್ತಾರೆ.

"ನಾ ಈ ಸಲ ಬಾಜೂ ಸರಿಯಂಗಿಲ್ರಿ. ಹಿಂಗೇ ತೆಗೀರಿ."